ಸಂಖ್ಯೆ ಬೇಡ, ಹೆಸರು ಹೇಳಿ

ಪಹಣಿ ಕೊಡುವ ಕಿಟಕಿಯ ಸಂಖ್ಯೆ ಸಾಗರದ ತಾಲ್ಲೂಕು ಕಚೇರಿಯಲ್ಲಿ 4, ಹೊಸನಗರದಲ್ಲಿ 1, ತೀರ್ಥಹಳ್ಳಿಯಲ್ಲಿ 64 ಎಂದಿಟ್ಟುಕೊಳ್ಳೋಣ. ಸಾಗರದ ರೈತ ಅಭ್ಯಾಸಬಲದಿಂದ ತೀರ್ಥಹಳ್ಳಿಯಲ್ಲೂ 4ನೇ ಕಿಟಕಿಗೆ ಹೋದರೆ ಸಿಗುವುದು ಬೇರೇನೋ! ಮೂರೂ ಕಚೇರಿ ಬಲ್ಲ ಅರ್ಜಿ ಬರೆಯುವವರಿಗೆ 'ಪಹಣಿ ಬೇಕು' ಎಂದರೆ ಸಾಕು, ಸರಿಯಾದ ಕಿಟಕಿ ತೋರಿಸುತ್ತಾರೆ.

ಕಂಪ್ಯೂಟರಿನೊಳಗೂ ಇದೇ ಕಥೆ. ತೆರೆಯ ಮೇಲೆ ಒಂದಕ್ಷರ ಮೂಡಿಸಲೂ ಪ್ರೋಗ್ರಾಮು ಆಪರೇಟಿಂಗ್ ಸಿಸ್ಟಂನ ನೆರವು ಬೇಡಬೇಕು. ಈ ಬೇಡಿಕೆಯೇ 'ಸಿಸ್ಟಂ ಕಾಲ್'. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಲಿನಕ್ಸ್‌ನಲ್ಲಿ 'ರೈಟ್' ಎಂಬ ಬೇಡಿಕೆಯ ಸಂಖ್ಯೆ ಇಂಟೆಲ್ ಮಾದರಿಯ 32 ಬಿಟ್ ಪ್ರೊಸೆಸರ್‌ನಲ್ಲಿ 4; ಅದೇ ಮಾದರಿಯ 64 ಬಿಟ್‌ನಲ್ಲಿ 1; ಮೊಬೈಲ್‌ಗಳಲ್ಲಿರುವ 64 ಬಿಟ್ ಆರ್ಮ್ ಪ್ರೊಸೆಸರ್‌ನಲ್ಲಿ 64. ಎಡವಟ್ಟು ನೋಡಿ: 32 ಬಿಟ್ ಇಂಟೆಲ್‌ನಲ್ಲಿ 1 ಎಂದರೆ 'ಎಕ್ಸಿಟ್'. ಬರೆಯುವ ಬದಲು ಪ್ರೋಗ್ರಾಮೇ ಮುಗಿದುಹೋಗುತ್ತದೆ!

ಇಲ್ಲಿ ಅರ್ಜಿ ಬರೆಯುವವರ ಕೆಲಸ ಸಿ ಲೈಬ್ರರಿಯದು. ಪ್ರತಿ ಬಗೆಯ ಪ್ರೊಸೆಸರ್‌ಗೂ ಪ್ರತ್ಯೇಕ ಪಟ್ಟಿಯಿದ್ದು, ಲೈಬ್ರರಿ ತಯಾರಾಗುವಾಗಲೇ ಹೆಸರಿಗೆ ಸರಿಯಾದ ಸಂಖ್ಯೆ ಜೋಡಣೆಯಾಗುತ್ತದೆ. ಕೆಲವೆಡೆ ಕಿಟಕಿಯೇ ಇರುವುದಿಲ್ಲ. 64 ಬಿಟ್ ಆರ್ಮ್‌ನಲ್ಲಿ ಕಡತ ತೆರೆಯುವ ಹಳೆಯ 'ಓಪನ್' ಕಾಲ್ ಇಲ್ಲ. ಲೈಬ್ರರಿಯು 'ಓಪನ್‌ಆಟ್' ಮೂಲಕ ಅದೇ ಕೆಲಸ ಮಾಡಿಸುತ್ತದೆ.

ಸಿ ಭಾಷೆ ಕಲಿಯುವ ವಿದ್ಯಾರ್ಥಿಗಳು ಪ್ರೋಗ್ರಾಮಿನಲ್ಲಿ ಸಂಖ್ಯೆಯನ್ನು ನೇರವಾಗಿ ಬರೆಯದೆ ಲೈಬ್ರರಿ ಕೊಡುವ ಹೆಸರನ್ನೇ ಬಳಸುವುದು ಲೇಸು. ಆಗ ಈ ಅಡಚಣೆ ತಪ್ಪುತ್ತದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಬರೆದದ್ದನ್ನು ಬೇರೆ ಪ್ರೊಸೆಸರ್‌ಗಾಗಿ ಮತ್ತೊಮ್ಮೆ ಕಂಪೈಲ್ ಮಾಡಿದರಾಯಿತು.