ಹಳೇ ಸಾಫ್ಟ್‌ವೇರ್‌ಗೆ ಯಾಕಿಷ್ಟು ಬೆಲೆ? ಇಲ್ಲಿದೆ ಕಲಿನೆಟ್ ಕಂಪನಿಯ ಏಳುಬೀಳಿನ ಕಥೆ

ಚಿಪ್ ಕಂಪನಿ ಬ್ರಾಡ್‌ಕಾಮ್ 2018ರಲ್ಲಿ ಸಿಎ ಟೆಕ್ನಾಲಜೀಸ್ ಎಂಬ ಸಾಫ್ಟ್‌ವೇರ್ ಕಂಪನಿಯನ್ನು 1,890 ಕೋಟಿ ಡಾಲರ್‌ಗೆ ಖರೀದಿಸುವುದಾಗಿ ಹೇಳಿದಾಗ ಹೂಡಿಕೆದಾರರು ಹುಬ್ಬೇರಿಸಿದ್ದರು. ಮರುದಿನವೇ ಬ್ರಾಡ್‌ಕಾಮ್ ಷೇರು ಶೇ.13ಕ್ಕೂ ಹೆಚ್ಚು ಕುಸಿಯಿತು. ಕಾರಣ, ಸಿಎ ಆದಾಯದ ಸುಮಾರು ಅರ್ಧ ಭಾಗ ಬರುತ್ತಿದ್ದುದು ಮೇನ್‌ಫ್ರೇಮ್‌ ಸಾಫ್ಟ್‌ವೇರ್‌ನಿಂದ. ಹಳೇ ಕಾಲದ ಈ ವ್ಯವಹಾರಕ್ಕೆ ಇಷ್ಟು ದುಡ್ಡು ಯಾಕೆ? ಅದಕ್ಕೆ ಉತ್ತರ, ಸಿಎ ದಶಕಗಳ ಹಿಂದೆಯೇ ಕೊಂಡಿದ್ದ ಕಲಿನೆಟ್ ಎಂಬ ಕಂಪನಿಯ ಕಥೆಯಲ್ಲಿದೆ.

ಏನಿದು ಮೇನ್‌ಫ್ರೇಮ್?

ಬ್ಯಾಂಕ್, ವಿಮೆ, ವಿಮಾನಯಾನ ಕಂಪನಿಗಳ ಭಾರಿ ವಹಿವಾಟನ್ನು ನಿಭಾಯಿಸುವ ದೊಡ್ಡ ಕಂಪ್ಯೂಟರ್ ಇದು. ಹಿಂದೆ ಯಂತ್ರ ಕೊಂಡವರಿಗೆ ಸಾಫ್ಟ್‌ವೇರ್ ಅದರ ಜೊತೆಗೇ ಸಿಗುತ್ತಿತ್ತು. 1969ರಲ್ಲಿ ಐಬಿಎಂ ಸಾಫ್ಟ್‌ವೇರ್‌ಗೆ ಪ್ರತ್ಯೇಕ ದರ ವಿಧಿಸುವುದಾಗಿ ಘೋಷಿಸಿತು. ಇದರಿಂದ ಬೇರೆ ಕಂಪನಿಗಳಿಗೂ ಮಾರುಕಟ್ಟೆ ತೆರೆದುಕೊಂಡಿತು.

ಕಲಿನೆಟ್ ಬೆಳೆದದ್ದು ಹೇಗೆ?

ಜಾನ್ ಕಲಿನೇನ್ 1968ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಈ ಕಂಪನಿ ಕಟ್ಟಿದರು. ಟೈರ್ ತಯಾರಿಕೆಗೆ ಹೆಸರಾದ ಬಿ.ಎಫ್. ಗುಡ್ರಿಚ್‌ ತನ್ನ ಬಳಕೆಗೆಂದು ರೂಪಿಸಿದ್ದ ಡೇಟಾಬೇಸ್‌ನ ಹಕ್ಕನ್ನು 1973ರಲ್ಲಿ ಪಡೆದು, ಬೇರೆ ಕಂಪನಿಗಳಿಗೆ ಮಾರತೊಡಗಿದರು. ಅದೇ ಐಡಿಎಂಎಸ್. 1978ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂತು. 1982ರಲ್ಲಿ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ ನೋಂದಣಿಯಾದ ಮೊದಲ ಸಾಫ್ಟ್‌ವೇರ್ ಕಂಪನಿ ಎನಿಸಿತು.

ಎಡವಿದ್ದು ಎಲ್ಲಿ?

ಐಡಿಎಂಎಸ್‌ನಲ್ಲಿ ಗ್ರಾಹಕ, ಆತನ ಖಾತೆ, ಖಾತೆಯ ವಹಿವಾಟು ಹೀಗೆ ದಾಖಲೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಇಡಲಾಗುತ್ತದೆ. ಕೆಲಸ ವೇಗವಾಗಿ ಆಗುತ್ತದೆ. ಆದರೆ ಮಾಹಿತಿ ಹುಡುಕುವ ದಾರಿ ಪ್ರೋಗ್ರಾಮರ್‌ಗೆ ಗೊತ್ತಿರಬೇಕು. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ವಿಧಾನವೇ ಬೇರೆ. ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟರೆ ಸಾಕು, ಏನು ಬೇಕೆಂದು ಕೇಳಬಹುದು. ಹುಡುಕುವ ಕೆಲಸ ಕಂಪ್ಯೂಟರ್‌ನದ್ದು. ಈ ವಿಧಾನದ ಡಿಬಿ2 ಅನ್ನು ಐಬಿಎಂ 1983ರಲ್ಲಿ ಪ್ರಕಟಿಸಿತು. ಕಲಿನೆಟ್ ಹಳೇ ಡೇಟಾಬೇಸ್‌ಗೇ ಹೊಸ ಸೌಲಭ್ಯ ಸೇರಿಸಿ ಪೈಪೋಟಿಗಿಳಿದರೂ ಹೊಸ ಗ್ರಾಹಕರು ಐಬಿಎಂ ಕಡೆ ವಾಲಿದರು. 1989ರಲ್ಲಿ ಕಂಪ್ಯೂಟರ್ ಅಸೋಸಿಯೇಟ್ಸ್, ಅಂದರೆ ಮುಂದೆ ಸಿಎ ಟೆಕ್ನಾಲಜೀಸ್ ಎಂದು ಹೆಸರು ಬದಲಿಸಿಕೊಂಡ ಕಂಪನಿ, ಸುಮಾರು 33.3 ಕೋಟಿ ಡಾಲರ್‌ಗೆ ಕಲಿನೆಟ್‌ ಅನ್ನು ಕೊಂಡಿತು.

ಕೊಂಡವರಿಗೆ ಸಿಕ್ಕಿದ್ದೇನು?

ಬಿಟ್ಟುಹೋಗಲು ಸುಲಭವಲ್ಲದ ಗ್ರಾಹಕರು. ಡೇಟಾಬೇಸ್ ಬದಲಿಸಬೇಕೆಂದರೆ ಅದನ್ನು ನಂಬಿ ಬರೆದ ಕೋಬಾಲ್ ಪ್ರೋಗ್ರಾಮ್‌ಗಳನ್ನೆಲ್ಲ ತಿದ್ದಬೇಕು, ದಾಖಲೆ ಸ್ಥಳಾಂತರಿಸಬೇಕು, ಮತ್ತೆ ಮತ್ತೆ ಪರೀಕ್ಷಿಸಬೇಕು. ಒಂದು ತಪ್ಪಾದರೂ ಗ್ರಾಹಕರ ಖಾತೆಯ ಲೆಕ್ಕ ಏರುಪೇರು. ಇಷ್ಟೆಲ್ಲ ತಲೆನೋವಿಗಿಂತ ಲೈಸೆನ್ಸ್ ಮತ್ತು ನಿರ್ವಹಣಾ ಶುಲ್ಕ ಕಟ್ಟುವುದೇ ಹಲವರಿಗೆ ವಾಸಿ ಎನಿಸಿತು. ಹೊಸ ಗ್ರಾಹಕರು ಬಾರದಿದ್ದರೂ ಆದಾಯ ನಿಲ್ಲಲಿಲ್ಲ. ಸಿಎ ಇಂತಹ ಕಂಪನಿಗಳನ್ನೇ ಒಂದಾದ ಮೇಲೊಂದು ಕೊಂಡು ಬೆಳೆಯಿತು: 1987ರಲ್ಲಿ ಯುಸೆಲ್, 1995ರಲ್ಲಿ ಲೆಜೆಂಟ್, 2000ದಲ್ಲಿ ಸ್ಟರ್ಲಿಂಗ್ ಸಾಫ್ಟ್‌ವೇರ್.

ಈಗ ಅದೇ ಐಡಿಎಂಎಸ್ ಬ್ರಾಡ್‌ಕಾಮ್ ಕೈಯಲ್ಲಿದೆ. ಪುಣೆ, ಚೆನ್ನೈ, ಹೈದರಾಬಾದ್, ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಮೇನ್‌ಫ್ರೇಮ್ ನಿರ್ವಹಣೆಯ ಕೆಲಸ ಇನ್ನೂ ನಿಂತಿಲ್ಲ. ಹೊಸಬರು ಕಲಿಯಲು ಹಿಂಜರಿಯುವ ಕೋಬಾಲ್ ಬಲ್ಲವರಿಗೆ ಇದೇ ಅನ್ನದ ದಾರಿ. ಆದರೆ ಗ್ರಾಹಕರ ಪಾಡು ಬೇರೆ. ಸಾಫ್ಟ್‌ವೇರ್ ಯಾರ ಕೈಗೆ ಹೋದರೂ ಅವರು ಹೇಳಿದ ದರಕ್ಕೆ ಚೌಕಾಸಿ ಮಾಡುವ ಶಕ್ತಿ ಕಡಿಮೆ. ಇಂದು ಕ್ಲೌಡ್ ಸೇವೆ ಪಡೆಯುವ ಕಂಪನಿಗಳೂ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ ಇದೇ: ನಾಳೆ ಬೇಡವೆನಿಸಿದರೆ ನಮ್ಮ ದಾಖಲೆಗಳನ್ನು ಹೊರತರಲು ಎಷ್ಟು ಖರ್ಚಾಗುತ್ತದೆ?