ಮನಾಲಿ–ಲೇಹ್: ಡೇರೆ ಹಾಕುವ ಜಾಗವೇ ದಾರಿ ತೋರುತ್ತದೆ

ಕರ್ನಾಟಕದಲ್ಲಿ ಮುಳ್ಳಯ್ಯನಗಿರಿಗಿಂತ ಮೇಲೆ ಹೋಗಲು ಜಾಗವಿಲ್ಲ. ಅದರ ಎತ್ತರ 1,930 ಮೀಟರ್. ಮನಾಲಿಯ ಪೇಟೆ ಬೀದಿ ಅದಕ್ಕಿಂತಲೂ ನೂರು ಮೀಟರಿನಷ್ಟು ಮೇಲಿದೆ. ಅಂದರೆ ಲೇಹ್‌ಗೆ ಹೊರಟವರ ಬೈಕು ಮೊದಲ ಗೇರಿಗೆ ಬೀಳುವುದೇ ನಮ್ಮ ನಾಡಿನ ನೆತ್ತಿಗಿಂತ ಮೇಲಿಂದ. ಅಲ್ಲಿಂದ ಸುಮಾರು 430 ಕಿ.ಮೀ. ದಾರಿ. ನಡುವೆ ನಾಲ್ಕು ದೊಡ್ಡ ಪಾಸ್‌ಗಳು: 4,890 ಮೀಟರಿನ ಬಾರಾಲಾಚಾ ಲಾ, ಅದಾದ ಮೇಲೆ ನಕೀ ಲಾ, 5,000 ಮೀಟರ್ ದಾಟಿದ ಲಾಚುಲುಂಗ್ ಲಾ, ಕೊನೆಗೆ 5,300 ಮೀಟರನ್ನೂ ಮೀರಿದ ತಂಗ್ಲಾಂಗ್ ಲಾ.

ಪ್ರತಿ ವರ್ಷ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ಹುಡುಗ ಹುಡುಗಿಯರ ತಂಡಗಳು ಈ ದಾರಿಗೆ ಹೊರಡುತ್ತವೆ. ತಿಂಗಳುಗಟ್ಟಲೆ ಚರ್ಚೆ ನಡೆಯುವುದು ಯಾವ ಬೈಕು, ಯಾವ ಟಯರು, ಯಾವ ಜಾಕೆಟ್ಟು ಎಂಬುದರ ಮೇಲೆ. ರಾತ್ರಿ ಎಲ್ಲಿ ಮಲಗುವುದು ಎಂಬ ಪ್ರಶ್ನೆ ಮಾತ್ರ 'ಕತ್ತಲಾದಲ್ಲಿ ಡೇರೆ ಹಾಕೋಣ ಬಿಡು' ಎಂಬಲ್ಲಿಗೆ ಮುಗಿದುಹೋಗುತ್ತದೆ. ಆಗುಂಬೆ, ಚಾರ್ಮಾಡಿಯ ಕಡೆಯ ತಿರುಗಾಟಕ್ಕೆ ಅಷ್ಟು ಸಾಕು. ಈ ದಾರಿಗೆ ಸಾಲದು. ಇಲ್ಲಿ ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸಿದಿರಿ ಎಂಬುದಕ್ಕಿಂತ ಎಷ್ಟು ಮೀಟರ್ ಎತ್ತರದಲ್ಲಿ ನಿದ್ದೆ ಮಾಡಿದಿರಿ ಎಂಬುದೇ ಮುಂದಿನ ದಿನವನ್ನು ತೀರ್ಮಾನಿಸುತ್ತದೆ.

ಹಿಂದೆ ಈ ತೀರ್ಮಾನವನ್ನು ಮನಾಲಿ ಬಿಟ್ಟ ಕೂಡಲೇ ಎದುರಾಗುತ್ತಿದ್ದ ರೋಹ್ತಾಂಗ್ ಪಾಸ್ ತಾನೇ ಮಾಡುತ್ತಿತ್ತು. ಕೆಸರು, ಮಂಜು, ಲಾರಿಗಳ ಸಾಲು ದಾಟಿ ಆಚೆಗಿಳಿಯುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತಿತ್ತು. ದಣಿದವರು ಆಚೆಯ ಲಾಹೌಲ್ ಕಣಿವೆಯ ಕೇಲಾಂಗ್‌ನಲ್ಲಿ ಸುಮ್ಮನೆ ಮಲಗಿಬಿಡುತ್ತಿದ್ದರು. 2020ರ ಅಕ್ಟೋಬರ್ 3ರಂದು ಈ ಪಾಸ್‌ನ ಅಡಿಯಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆಯಿತು, ದಾರಿ 46 ಕಿ.ಮೀ. ಕಡಿಮೆಯಾಯಿತು. ಈಗ ಬೆಳಗಿನ ತಿಂಡಿ ಮನಾಲಿಯಲ್ಲಿ ಮುಗಿಸಿದವರು ಮಧ್ಯಾಹ್ನದ ಊಟಕ್ಕೆ ಜಿಸ್ಪಾದಲ್ಲಿರುತ್ತಾರೆ. ಬೆಳಕು ಇನ್ನೂ ಇದೆ, ಮೈಯಲ್ಲಿ ಉತ್ಸಾಹವಿದೆ. 'ಸರ್ಚುವರೆಗೂ ಹೋಗಿಬಿಡೋಣ' ಎಂದು ಯಾರೋ ಒಬ್ಬರು ಅನ್ನುತ್ತಾರೆ. ಹಾಗೆ ಹೋದವರು ಬೆಳಿಗ್ಗೆ 2,050 ಮೀಟರಿನಲ್ಲಿ ಎದ್ದು ರಾತ್ರಿ 4,290 ಮೀಟರಿನಲ್ಲಿ ಮಲಗಿರುತ್ತಾರೆ. ಸುರಂಗ ಉಳಿಸಿಕೊಟ್ಟ ಸಮಯವನ್ನು ಶ್ವಾಸಕೋಶದಿಂದ ವಸೂಲು ಮಾಡುವ ರಾತ್ರಿ ಅದು.

ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಹಗಲು ಮೇಲೆ ಹೋಗಿಬರಬಹುದು, ತೊಂದರೆಯಿಲ್ಲ, ಮಲಗುವಾಗ ತಗ್ಗಿನಲ್ಲಿರಬೇಕು. ಆದರೆ ಈ ದಾರಿಯ ಭೂಗೋಳ ಆ ಸಲಹೆಗೆ ಒಗ್ಗುವುದಿಲ್ಲ. ದಾರ್ಚಾ ಬಿಟ್ಟರೆ ಲಡಾಖಿನ ರುಮ್ತ್ಸೆ ತನಕ, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ, ಊರು ಎಂಬುದೇ ಇಲ್ಲ. ಬೇಸಿಗೆಯಲ್ಲಿ ಮಾತ್ರ ಏಳುವ ಪ್ಯಾರಾಚೂಟ್ ಬಟ್ಟೆಯ ಢಾಬಾಗಳು, ಸೇನೆಯ ಶಿಬಿರಗಳು, ರಸ್ತೆ ಕೆಲಸದವರ ತಗಡಿನ ಶೆಡ್ಡುಗಳು, ಅಷ್ಟೇ. ಬಾರಾಲಾಚಾದ ಆಚೆಗೆ ರಾತ್ರಿ ಕಳೆಯಲು ಸಿಗುವ ತಗ್ಗಿನ ಜಾಗವೆಂದರೆ ಸರ್ಚು. ಪಾಂಗ್ ಇನ್ನೂ ಮೇಲೆ, 4,600 ಮೀಟರಿನಲ್ಲಿದೆ.

ಹಾಗಾಗಿ ಯೋಜನೆಯ ಕೀಲಿ ಜಿಸ್ಪಾದಲ್ಲಿದೆ. 3,200 ಮೀಟರ್ ಎತ್ತರದ ಈ ಹಳ್ಳಿಯ ಪಕ್ಕದಲ್ಲೇ ಭಾಗಾ ನದಿ ಅಗಲವಾಗಿ, ಹಲವು ಕವಲಾಗಿ ಹರಿಯುತ್ತದೆ. ದಡದುದ್ದಕ್ಕೂ ವಿಲ್ಲೋ, ಪಾಪ್ಲರ್ ಮರಗಳು. ಬಟಾಣಿ, ಆಲೂಗಡ್ಡೆಯ ಗದ್ದೆಗಳು. ಸ್ವಂತ ಡೇರೆ ತಂದವರಿಗೆ ಜಾಗ ಕೊಡುವ ಕ್ಯಾಂಪುಗಳಿವೆ. ಶೌಚಾಲಯ, ನೀರು ಸಿಗುತ್ತದೆ, ಕೇಳಿದರೆ ದಾಲ್–ಚಪಾತಿಯೂ ಸಿಗುತ್ತದೆ. ಫೋಟೊ ಚೆನ್ನಾಗಿ ಬರುತ್ತದೆಂದು ನದಿಯ ನಡುವಿನ ಮರಳುದಿಬ್ಬದ ಮೇಲೆ ಡೇರೆ ಹಾಕುವವರನ್ನು ನೋಡಿದರೆ ಸಿಟ್ಟು ಬರುತ್ತದೆ. ಹಿಮ ಕರಗಿದ ನೀರು ಮಧ್ಯಾಹ್ನದ ಬಿಸಿಲಿಗೆ ಹೊರಟು ಇಲ್ಲಿಗೆ ತಲುಪುವುದೇ ಸಂಜೆಗೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲದೆ ನೀರು ಏರುತ್ತದೆ.

ಜಿಸ್ಪಾದಲ್ಲಿ ಎರಡು ರಾತ್ರಿ ಇರಿ ಎಂಬುದು ನನ್ನ ಹಟದ ಸಲಹೆ. ನಡುವಿನ ದಿನ ಮಲಗಿ ಕಳೆಯಬೇಕಿಲ್ಲ. ದಾರ್ಚಾ ದಾಟಿ ದೀಪಕ್ ತಾಲ್ ಎಂಬ ಪುಟ್ಟ ಸರೋವರದವರೆಗೆ ಹೋಗಿ, ಆ ಎತ್ತರದಲ್ಲಿ ಒಂದೆರಡು ಗಂಟೆ ಅಡ್ಡಾಡಿ, ಸಂಜೆಗೆ ವಾಪಸು ಬನ್ನಿ. ಅಥವಾ ಹಿಂದಕ್ಕೆ ಕೇಲಾಂಗ್‌ಗೆ ಹೋಗಿ. 19ನೇ ಶತಮಾನದ ನಡುವಿನಲ್ಲಿ ಮೊರೇವಿಯನ್ ಮಿಷನರಿಗಳು ನೆಲೆನಿಂತ ಊರದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ, ಅಚ್ಚುಕೂಟ ನಡೆಸುತ್ತಿದ್ದ ಕಾಲದಲ್ಲೇ ಇವರು ಇಲ್ಲಿ ಆಲೂಗಡ್ಡೆ ಬೆಳೆಸಿ, ಹೆಂಗಸರಿಗೆ ಕಾಲುಚೀಲ ಹೆಣೆಯಲು ಕಲಿಸುತ್ತಿದ್ದರು. ಬಣ್ಣದ ಲಾಹೌಲಿ ಕಾಲುಚೀಲ ಈಗಲೂ ಪೇಟೆಯಲ್ಲಿ ಸಿಗುತ್ತದೆ. ಒಂದು ಜೊತೆ ಕೊಂಡಿಟ್ಟುಕೊಳ್ಳಿ, ಮುಂದಿನ ರಾತ್ರಿಗಳಲ್ಲಿ ದುಬಾರಿ ಜಾಕೆಟ್ಟಿಗಿಂತ ಹೆಚ್ಚು ಉಪಕಾರಕ್ಕೆ ಬರುತ್ತದೆ.

ಕೇಲಾಂಗ್‌ಗಿಂತ ಸ್ವಲ್ಪ ಮೊದಲು, ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯಲ್ಲಿ ಪೆಟ್ರೋಲ್ ಬಂಕ್ ಇದೆ. ಮುಂದಿನ 365 ಕಿ.ಮೀ. ಬಂಕ್ ಇಲ್ಲವೆಂದು ಸಾರುವ ಅಲ್ಲಿನ ಫಲಕದ ಎದುರು ನಿಂತು ಫೋಟೊ ತೆಗೆಸಿಕೊಳ್ಳದ ಬೈಕಿನವರು ವಿರಳ. ಫಲಕ ಹಳೆಯದು, ಆದರೆ ಮಾತನ್ನು ಈಗಲೂ ಗಂಭೀರವಾಗಿಯೇ ತೆಗೆದುಕೊಳ್ಳಿ. ಲೇಹ್‌ಗೆ ಸಮೀಪದ ಕಾರು ಎಂಬ ಊರು ತಲುಪುವವರೆಗೆ ನೆಚ್ಚಿಕೊಳ್ಳಬಹುದಾದ ಬಂಕಿಲ್ಲ. ಢಾಬಾಗಳಲ್ಲಿ ಬಾಟಲಿಗೆ ತುಂಬಿ ಮಾರುವ ಪೆಟ್ರೋಲು ಸಿಕ್ಕರೂ ಸಿಗಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಏರುದಾರಿಯಲ್ಲಿ ಕೆಳಗಿನ ಗೇರಿನಲ್ಲೇ ಹೆಚ್ಚು ಓಡಿಸುವುದರಿಂದ ಊರಿನ ಮೈಲೇಜ್ ಇಲ್ಲಿ ಸಿಗುವುದಿಲ್ಲ. ಟ್ಯಾಂಕ್ ಭರ್ತಿಯಾದ ಮೇಲೂ ಐದು ಲೀಟರ್ ಕ್ಯಾನಿನಲ್ಲಿರಲಿ. ವಿಶ್ರಾಂತಿಯ ದಿನ ಸುತ್ತಾಡಿ ಪೆಟ್ರೋಲ್ ಸುಟ್ಟಿದ್ದರೆ ಬೇಸರಪಡದೆ ತಾಂಡಿಗೆ ಇಳಿದು ಮತ್ತೆ ತುಂಬಿಸಿಕೊಂಡು ಬನ್ನಿ.

ಮೂರನೆಯ ದಿನ ನಸುಕಿನಲ್ಲೇ ಹೊರಡಬೇಕು. ಬೆಳಗಿನ ಸೊಬಗಿಗಾಗಿ ಅಲ್ಲ, ಹಳ್ಳಗಳಿಗಾಗಿ. ಝಿಂಗ್‌ಝಿಂಗ್‌ಬಾರ್ ಸುತ್ತಮುತ್ತ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳಲ್ಲಿ ಬೆಳಿಗ್ಗೆ ಆರಕ್ಕೆ ಪಾದ ಮುಳುಗುವಷ್ಟು ನೀರಿದ್ದರೆ ಮಧ್ಯಾಹ್ನ ಮೂರಕ್ಕೆ ಅದೇ ನೀರು ಚಕ್ರದ ಅರ್ಧಕ್ಕೆ ಬಂದಿರುತ್ತದೆ. ತಳದಲ್ಲಿ ಉರುಟು ಕಲ್ಲು, ಮೇಲೆ ಕೊರೆಯುವ ನೀರು. ಮೊದಲ ಗೇರಿನಲ್ಲಿ, ಎರಡೂ ಕಾಲು ಸಿದ್ಧವಾಗಿಟ್ಟುಕೊಂಡು, ನಡುವೆ ಕ್ಲಚ್ ಹಿಡಿಯದೆ ದಾಟಬೇಕು. ಒಬ್ಬರು ದಾಟುವ ತನಕ ಇನ್ನೊಬ್ಬರು ಕಾಯಬೇಕು. ಗಡಿ ರಸ್ತೆಗಳ ಸಂಸ್ಥೆಯವರು ಬಹುಪಾಲು ದಾರಿಗೆ ಒಳ್ಳೆಯ ಡಾಂಬರು ಹಾಕಿದ್ದಾರೆ, ಕೆಲವು ಹಳ್ಳಗಳಿಗೆ ಸೇತುವೆಯೂ ಬಂದಿದೆ. ಆದರೂ ಹಿಮ ಪ್ರತಿ ಚಳಿಗಾಲ ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ನಿನ್ನೆ ಚೆನ್ನಾಗಿದ್ದ ತುಂಡು ಇಂದು ಜಲ್ಲಿಯಾಗಿರಬಹುದು.

ಬಾರಾಲಾಚಾಗೆ ಸ್ವಲ್ಪ ಮೊದಲು ರಸ್ತೆಯ ಕೆಳಗೆ ಸೂರಜ್ ತಾಲ್ ಕಾಣುತ್ತದೆ. ಎರಡು ದಿನ ಜೊತೆಗಿದ್ದ ಭಾಗಾ ನದಿ ಹುಟ್ಟುವುದು ಇಲ್ಲಿಯೇ. ಪಾಸ್‌ನ ಈಚೆ ಬಿದ್ದ ಹಿಮ ಚಿನಾಬ್ ಸೇರುತ್ತದೆ, ಆಚೆಗೆ ಬಿದ್ದದ್ದು ಝಂಸ್ಕಾರದ ಕಣಿವೆ ಹಿಡಿದು ಸಿಂಧುವಿಗೆ. ಆಚೆಗೆ ಇಳಿದರೆ ಹಸಿರು ಮುಗಿಯಿತು. ಮುಂಗಾರಿನ ಮೋಡಗಳನ್ನು ಈ ಬೆಟ್ಟಸಾಲು ತಡೆಯುವುದರಿಂದ ಸರ್ಚುವಿನಿಂದ ಮುಂದಕ್ಕೆ ಕಂದು, ಹಳದಿ, ಬೂದಿ ಬಣ್ಣಗಳದ್ದೇ ರಾಜ್ಯ. ಹಿಮಾಚಲ ಮುಗಿದು ಲಡಾಖ್ ಶುರುವಾಗುವುದೂ ಸರ್ಚುವಿನಲ್ಲೇ. ನದಿ ಕೊರೆದಿಟ್ಟ ಮಟ್ಟಸವಾದ ಜಗಲಿಗಳ ಮೇಲೆ ಸಾಲುಸಾಲು ಡೇರೆಗಳು ನಿಂತಿರುತ್ತವೆ. ಚಿತ್ರದಲ್ಲಿ ಸ್ವರ್ಗ. ಸಂಜೆ ನಾಲ್ಕರ ನಂತರದ ಗಾಳಿ ಚಿತ್ರಕ್ಕೆ ಬರುವುದಿಲ್ಲ.

ಬೈಕು ಚೆನ್ನಾಗಿದ್ದು, ರಸ್ತೆ ತೆರೆದಿದ್ದು, ತಂಡದಲ್ಲಿ ಎಲ್ಲರೂ ಗಟ್ಟಿ ಸವಾರರಾಗಿದ್ದರೆ ಸರ್ಚುವಿನಲ್ಲಿ ಚಹಾ ಕುಡಿದು ಮುಂದೆ ಹೋಗುವುದೇ ಮೇಲು. ಜಿಸ್ಪಾದಿಂದ ಸಿಂಧೂ ದಡದ ಉಪ್ಶಿಯವರೆಗೆ ಮುನ್ನೂರಕ್ಕೆ ಸ್ವಲ್ಪ ಕಡಿಮೆ ಕಿಲೋಮೀಟರ್. ಉಪ್ಶಿ ಸುಮಾರು 3,400 ಮೀಟರ್. ಒಂದೇ ಹಗಲಿನಲ್ಲಿ ನಾಲ್ಕು ಪಾಸ್ ದಾಟಿ ಅಲ್ಲಿ ಮಲಗಿದರೆ ತಲೆನೋವು ಬಂದರೂ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಆಗದಿದ್ದವರು ಸರ್ಚುವಿನಲ್ಲೇ ತಂಗಲಿ, ಜಿಸ್ಪಾದ ಎರಡು ರಾತ್ರಿಗಳು ಆಗ ಕೈಹಿಡಿಯುತ್ತವೆ. ತಂಗಿದಲ್ಲಿ ಮದ್ಯ ಬೇಡ, ನೀರು ಹೆಚ್ಚು ಕುಡಿಯಿರಿ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು ಎಚ್ಚರಿಕೆಯ ಗಂಟೆ. ಕೂತಲ್ಲೇ ಏದುಸಿರು, ಮಾತಿನಲ್ಲಿ ತೊದಲು, ನಡೆಯುವಾಗ ತೂರಾಟ ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆ ಕ್ಷಣವೇ ಯಾವುದಾದರೂ ವಾಹನ ಹಿಡಿದು ಕೆಳಗಿಳಿಸಬೇಕು. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ಜೇಬಿನಲ್ಲಿದೆ ಎಂಬ ಧೈರ್ಯದಲ್ಲಿ ನಿಯಮ ಮುರಿಯುವವರಿದ್ದಾರೆ. ಮಾತ್ರೆ ಬೇಕೇ ಬೇಡವೇ ಎಂಬುದನ್ನು ಊರು ಬಿಡುವ ಮೊದಲೇ ವೈದ್ಯರ ಹತ್ತಿರ ಕೇಳಿಕೊಳ್ಳಿ, ಸಲ್ಫಾ ಔಷಧದ ಅಲರ್ಜಿ ಇರುವವರಂತೂ ಕೇಳಲೇಬೇಕು.

ಸರ್ಚುವಿನ ಮುಂದೆ ಗಾಟಾ ಲೂಪ್ಸ್. 21 ಹೇರ್‌ಪಿನ್ ತಿರುವುಗಳು, ಒಂದರ ನೆತ್ತಿಯ ಮೇಲೆ ಇನ್ನೊಂದು. ಆಗುಂಬೆಯ ತಿರುವುಗಳಲ್ಲಿ ಪಳಗಿದವರಿಗೆ ತಿರುವು ಹೊಸತಲ್ಲ, ಇಂಜಿನ್ನಿನ ಏದುಸಿರು ಹೊಸತು. ಇಲ್ಲೊಂದು ಕಡೆ ನೀರಿನ ಬಾಟಲಿಗಳ ರಾಶಿ ಬಿದ್ದಿದೆ. ಹಿಮಪಾತದಲ್ಲಿ ಕೆಟ್ಟುನಿಂತ ಲಾರಿಯ ಕಾವಲಿಗೆ ಉಳಿದು ಸತ್ತ ಕ್ಲೀನರನೊಬ್ಬನ ಆತ್ಮ ದಾರಿಹೋಕರಲ್ಲಿ ನೀರು ಕೇಳುತ್ತದೆಂಬ ಕಥೆಯಿದೆ, ಅದಕ್ಕೇ ಈ ಹರಕೆ. ಕಥೆಯನ್ನು ನಂಬಿ, ಬಿಡಿ, ಪ್ಲಾಸ್ಟಿಕ್ಕಿನ ಬೆಟ್ಟ ಬೆಳೆಯುತ್ತಿರುವುದಂತೂ ನಿಜ. ಬಾಟಲಿ ಬಿಟ್ಟು ನೀರನ್ನಷ್ಟೇ ನೆಲಕ್ಕೆರೆದರೆ ಆತ್ಮಕ್ಕೆ ಸಾಲದೇ?

ಲಾಚುಲುಂಗ್ ಇಳಿದು ಪಾಂಗ್ ತಲುಪಿದರೆ ಲಡಾಖಿ ಹೆಂಗಸರು ನಡೆಸುವ ಢಾಬಾಗಳು. 'ಜುಲೇ' ಎಂದು ನಮಸ್ಕಾರ ಹೇಳಿದರೆ ಸಾಕು, ಥುಕ್ಪಾ ಎಂಬ ಬಿಸಿ ನೂಡಲ್ ಸೂಪು ಬರುತ್ತದೆ. ಸೇನೆಯ ವೈದ್ಯಕೀಯ ನೆರವೂ ಇಲ್ಲಿದೆ. ಅಲ್ಲಿಂದ ಮೇಲೇರಿದ ಕೂಡಲೇ ಬೆಟ್ಟಗಳು ಎರಡೂ ಬದಿಗೆ ಸರಿದು ಮೋರೆ ಬಯಲು ತೆರೆದುಕೊಳ್ಳುತ್ತದೆ. ಸುಮಾರು 4,700 ಮೀಟರ್ ಎತ್ತರದಲ್ಲಿ ನಲವತ್ತು ಕಿಲೋಮೀಟರ್ ಉದ್ದದ ಸಪಾಟು ನೆಲ. ದೂರದಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡು, ಚಾಂಗ್ಪಾ ಅಲೆಮಾರಿಗಳ ಪಶ್ಮೀನಾ ಮೇಕೆಗಳು. ಬೈಕು ನಿಲ್ಲಿಸಿ ಇಲ್ಲೇ ಡೇರೆ ಹಾಕಿಬಿಡೋಣ ಎಂದು ಮನಸ್ಸು ಹಂಬಲಿಸುವ ಜಾಗ. ಹೋಗುವಾಗ ಹಾಕಬೇಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಸಾಮಾನಿನ ವಿಷಯ ಚುಟುಕಾಗಿ ಮುಗಿಸಬಹುದು. ಗೂಟವಿಲ್ಲದೆಯೂ ನಿಲ್ಲುವ ಡೇರೆ ಬೇಕು, ಜಲ್ಲಿ ನೆಲದಲ್ಲಿ ಗೂಟ ಇಳಿಯುವುದಿಲ್ಲ, ಹಗ್ಗವನ್ನು ಕಲ್ಲಿಗೆ ಕಟ್ಟಬೇಕಾಗುತ್ತದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ ತಡೆಯುವ ಸ್ಲೀಪಿಂಗ್ ಬ್ಯಾಗ್, ಅದರ ಅಡಿಗೆ ದಪ್ಪ ಮ್ಯಾಟ್ ಇರಲಿ, ಚಳಿ ಮೇಲಿಂದ ಬರುವುದಕ್ಕಿಂತ ನೆಲದಿಂದ ಹೆಚ್ಚು ಬರುತ್ತದೆ. ಒಲೆಯನ್ನು ಡೇರೆಯೊಳಗೆ ಹಚ್ಚಲೇಬಾರದು, ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಸರ್ಚುವಿನಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಕುಕ್ಕರ್ ಇಲ್ಲದೆ ಅನ್ನ ಬೇಯದು. ಗೊಜ್ಜವಲಕ್ಕಿ ಪುಡಿ, ಹುರಿದ ರವೆ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋದವರು ಮ್ಯಾಗಿಯಿಂದ ಬಚಾವಾಗುತ್ತಾರೆ. ಲಡಾಖಿನಲ್ಲಿ ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ನಡೆಯದು, ತಂಡದಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ.

ಸ್ವಂತ ಬೈಕನ್ನೇ ಒಯ್ಯುವವರು ಬೆಂಗಳೂರಿನಿಂದ ಓಡಿಸಿಕೊಂಡು ಹೋಗಬೇಕಿಲ್ಲ. ಯಶವಂತಪುರದಿಂದ ಚಂಡೀಗಢಕ್ಕೆ ಕರ್ನಾಟಕ ಸಂಪರ್ಕ ಕ್ರಾಂತಿ ರೈಲಿದೆ. ಪಾರ್ಸೆಲ್ ಕಚೇರಿಯಲ್ಲಿ ಆರ್‌ಸಿ, ಗುರುತಿನ ಚೀಟಿ ಕೊಟ್ಟು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಗೋಣಿತಾಟು ಸುತ್ತಿಸಿ ಕಳಿಸಬಹುದು. ಒಲೆಯ ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಾಗಲೀ ವಿಮಾನದಲ್ಲಾಗಲೀ ಒಯ್ಯುವಂತಿಲ್ಲ, ಮನಾಲಿಯಲ್ಲೇ ಕೊಳ್ಳಿ. ಅಲ್ಲಿ ಬೈಕ್ ಬಾಡಿಗೆಗೂ ಸಿಗುತ್ತದೆ. ಆದರೆ ಹೊರಗಿನ ಬಾಡಿಗೆ ಬೈಕುಗಳನ್ನು ಪ್ಯಾಂಗಾಂಗ್, ನುಬ್ರಾ ಕಡೆ ಓಡಿಸಲು ಲೇಹ್‌ನ ಬಾಡಿಗೆದಾರರ ಸಂಘಗಳು ಬಿಡುವುದಿಲ್ಲ, ಆ ಸುತ್ತಾಟಕ್ಕೆ ಅಲ್ಲಿಯದೇ ಬೈಕು ಹಿಡಿಯಬೇಕು.

ಕಾಲ ಯಾವುದು? ಸಾಮಾನ್ಯವಾಗಿ ಮೇ–ಜೂನ್ ಹೊತ್ತಿಗೆ ತೆರೆಯುವ ದಾರಿ ಚಳಿಗಾಲದ ಮೊದಲ ದೊಡ್ಡ ಹಿಮಕ್ಕೆ ಮುಚ್ಚುತ್ತದೆ. ಜೂನ್‌ನಲ್ಲಿ ಹಿಮದ ಗೋಡೆಗಳ ನಡುವೆ ಓಡಿಸುವ ಮಜಾ ಇದೆ, ಜೊತೆಗೆ ಜನಜಂಗುಳಿಯೂ ಇದೆ. ಜುಲೈ–ಆಗಸ್ಟ್ ಬೇಡ. ಲಡಾಖಿನಲ್ಲಿ ಮಳೆ ಇಲ್ಲದಿದ್ದರೂ ಮನಾಲಿಗೆ ಹೋಗುವ ದಾರಿಯಲ್ಲಿದೆ. 2023ರ ಜುಲೈನಲ್ಲಿ ಬಿಯಾಸ್ ನದಿ ಕುಲ್ಲು ಕಣಿವೆಯ ಹೆದ್ದಾರಿಯನ್ನು ತುಂಡುತುಂಡಾಗಿ ಕೊಚ್ಚಿದ್ದು ಎಲ್ಲರಿಗೂ ನೆನಪಿದೆ. ನನ್ನ ಮತ ಸೆಪ್ಟೆಂಬರ್‌ನ ಮೊದಲರ್ಧಕ್ಕೆ. ಹಳ್ಳಗಳು ಇಳಿದಿರುತ್ತವೆ, ಆಕಾಶ ತೊಳೆದಂತಿರುತ್ತದೆ, ಚಳಿ ಮಾತ್ರ ಖಾರ. ಯಾವ ತಿಂಗಳಾದರೂ ಎರಡು ದಿನ ಹೆಚ್ಚುವರಿ ಇಟ್ಟುಕೊಳ್ಳದೆ ರೈಲಿನ ಟಿಕೆಟ್ ಮಾಡಬೇಡಿ.

ಇನ್ನು ಮೋರೆ ಬಯಲಿನ ಮಾತು. ಲೇಹ್‌ನಲ್ಲಿ ನಾಲ್ಕೈದು ದಿನ ಕಳೆದವರ ಮೈ ಎತ್ತರಕ್ಕೆ ಸಾಕಷ್ಟು ಒಗ್ಗಿರುತ್ತದೆ. ಹೋಗುವಾಗ ಹೆದರಿಸಿದ ಜಾಗಗಳೆಲ್ಲ ಹಿಂದಿರುಗುವಾಗ ಮಲಗಲು ಯೋಗ್ಯವಾಗುತ್ತವೆ. ಆದ್ದರಿಂದ ಡೇರೆಯ ಆಸೆಯನ್ನು ಮರಳುವ ದಾರಿಗೆ ಉಳಿಸಿಕೊಳ್ಳಿ. ಮೊದಲ ದಿನ ತಂಗ್ಲಾಂಗ್ ಲಾ ಇಳಿದು ಡೆಬ್ರಿಂಗ್ ಹತ್ತಿರ ತ್ಸೋ ಕಾರ್‌ನ ಕಡೆ ತಿರುಗಿ. 2020ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಉಪ್ಪುನೀರಿನ ಸರೋವರವದು, ಕಪ್ಪು ಕೊರಳಿನ ಕ್ರೇನ್‌ಗಳು ಮರಿ ಮಾಡುವ ಜೌಗುನೆಲ. ನೀರಿನ ಅಂಚಿಗೆ ಹೋಗದೆ ಥುಕ್ಜೆ ಹಳ್ಳಿಯವರನ್ನು ಕೇಳಿ ಅವರು ತೋರಿಸಿದಲ್ಲಿ ತಂಗಿ. ಮರುದಿನ ಮೋರೆ ಬಯಲನ್ನು ಆತುರವಿಲ್ಲದೆ ದಾಟಿ ಸರ್ಚುವಿನಲ್ಲಿ ಎರಡನೇ ಡೇರೆ, ಅದರ ಮರುದಿನ ಬೆಳಿಗ್ಗೆಯೇ ಬಾರಾಲಾಚಾ ದಾಟಿ ಜಿಸ್ಪಾದಲ್ಲಿ ಮೂರನೆಯದು. ಲೇಹ್ ಬಿಡುವಾಗ ಪೆಟ್ರೋಲ್ ಕ್ಯಾನ್ ತುಂಬಿಸಲು ಮರೆಯಬೇಡಿ, ತ್ಸೋ ಕಾರ್‌ನ ಸುತ್ತು ತಾಂಡಿಯ ಫಲಕದ ಲೆಕ್ಕದಲ್ಲಿ ಸೇರಿಲ್ಲ.