ನಾಲಿಗೆಗೊಂದು ಗರಡಿಮನೆ

ಗೊರಕೆಗೆ ಮದ್ದು ಕೇಳಲು ಹೋದವರಿಗೆ ನಾಲಿಗೆಯ ಕಸರತ್ತು ಹೇಳಿಕೊಟ್ಟರೆ ನಗು ಬಂದೀತು. ಆದರೆ ಮಯೋಫಂಕ್ಷನಲ್ ಥೆರಪಿ ಎಂದು ಕರೆಸಿಕೊಳ್ಳುವ ಈ ಬಾಯಿ-ಮುಖದ ವ್ಯಾಯಾಮಕ್ಕೆ ನೂರು ವರ್ಷ ದಾಟಿದೆ. ಅದು ಹುಟ್ಟಿದ್ದು ಮಾತ್ರ ಉಸಿರಿಗಾಗಿ ಅಲ್ಲ, ಹಲ್ಲಿಗಾಗಿ.

ಈ ವ್ಯಾಯಾಮ ಹುಟ್ಟುವ ಮೊದಲೇ ಬಾಯಲ್ಲಿ ಉಸಿರಾಡುವ ಅಭ್ಯಾಸದ ವಿರುದ್ಧ ಗುಲ್ಲೆಬ್ಬಿಸಿದವರ ಸಾಲಿನಲ್ಲಿ ಒಬ್ಬ ಚಿತ್ರಕಾರನಿದ್ದಾನೆ. ಅಮೆರಿಕದ ಜಾರ್ಜ್ ಕ್ಯಾಟ್ಲಿನ್ ವಕೀಲಿಕೆ ಬಿಟ್ಟು 1830ರ ದಶಕದಲ್ಲಿ ಅಲ್ಲಿನ ಮೂಲನಿವಾಸಿಗಳ ನಡುವೆ ಅಲೆದು ಚಿತ್ರ ಬರೆದವನು. ಹಾಲು ಕುಡಿದು ನಿದ್ದೆಹೋದ ಕೂಸಿನ ತುಟಿಗಳನ್ನು ತಾಯಂದಿರು ಬೆರಳಿನಿಂದ ಕೂಡಿಸಿ ಮುಚ್ಚುತ್ತಿದ್ದರೆಂದು 1860ರ ದಶಕದಲ್ಲಿ ಬಂದ ಪುಸ್ತಕದಲ್ಲಿ ವಿವರಿಸಿದ. ಬಾಯಿ ತೆರೆದು ಮಲಗುವವರ ಚಿತ್ರಗಳನ್ನೂ ತಾನೇ ಬಿಡಿಸಿದ. ಕಾಯಿಲೆಗಳ ಉದ್ದ ಪಟ್ಟಿಯನ್ನೇ ತೆರೆದ ಬಾಯಿಯ ತಲೆಗೆ ಕಟ್ಟಿದ್ದು ಅತಿಯಾಯಿತು, ಅದು ಬೇರೆ ಮಾತು.

ವ್ಯಾಯಾಮದ ಮಾತು ಗಟ್ಟಿಯಾಗಿ ಬಂದದ್ದು ಬಾಸ್ಟನ್ನಿನ ದಂತವೈದ್ಯ ಆಲ್‌ಫ್ರೆಡ್ ರೋಜರ್ಸ್ ಅವರಿಂದ. ತಂತಿ ಕಟ್ಟಿ ನೇರಮಾಡಿದ ಹಲ್ಲು ತಂತಿ ಬಿಚ್ಚಿದ ಮೇಲೆ ಮತ್ತೆ ಸೊಟ್ಟಗಾಗುವುದು ಆ ವೃತ್ತಿಯ ಹಳೆಯ ತಲೆನೋವು. ಒಳಗಿನಿಂದ ನಾಲಿಗೆ ನೂಕುತ್ತದೆ, ಹೊರಗಿನಿಂದ ತುಟಿ, ಕೆನ್ನೆ ಒತ್ತುತ್ತವೆ; ಹಲ್ಲಿನ ಸಾಲು ನಿಲ್ಲುವುದು ಈ ಎರಡರ ನಡುವೆ. ಸ್ನಾಯುಗಳನ್ನು ಪಳಗಿಸದೆ ಹಲ್ಲನ್ನಷ್ಟೇ ಎಳೆದು ಪ್ರಯೋಜನವಿಲ್ಲ ಎಂದು ಯೋಚಿಸಿದ ರೋಜರ್ಸ್, 1918ರಲ್ಲಿ ಮುಖದ ಸ್ನಾಯುಗಳ ವ್ಯಾಯಾಮ ಕುರಿತು ಲೇಖನ ಪ್ರಕಟಿಸಿದರು. ಸ್ನಾಯುಗಳನ್ನೇ ಅವರು ಹಲ್ಲು ತಿದ್ದುವ ಜೀವಂತ ಸಾಧನಗಳೆಂದು ಕರೆದರು.

1960ರ ದಶಕದಲ್ಲಿ ಇದಕ್ಕೊಂದು ಭರಾಟೆಯ ಕಾಲ ಬಂತು. ನುಂಗುವಾಗ ನಾಲಿಗೆಯನ್ನು ಹಲ್ಲಿಗೆ ಚಾಚುವ ಮಕ್ಕಳಿಗೆಲ್ಲ ತರಬೇತಿ ಕೊಡುವ ಉತ್ಸಾಹ ಅಮೆರಿಕದಲ್ಲಿ ಹಬ್ಬಿತು. ಪುರಾವೆ ಮಾತ್ರ ಆ ವೇಗದಲ್ಲಿ ಬರಲಿಲ್ಲ. 1970ರ ದಶಕದ ಮಧ್ಯದ ಹೊತ್ತಿಗೆ ಅಲ್ಲಿನ ದಂತವೈದ್ಯರು, ವಾಕ್ ಚಿಕಿತ್ಸಕರು ಜೊತೆಗೂಡಿ ಇದಕ್ಕೆ ಸಾಕಷ್ಟು ಆಧಾರವಿಲ್ಲ ಎಂದುಬಿಟ್ಟರು.

ಅದೇ ದಶಕದಲ್ಲಿ ಇನ್ನೊಂದು ಬಾಗಿಲು ತೆರೆಯಿತು. 1976ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟಿಯಾನ್ ಗಿಯೆಮಿನೊ ಮತ್ತು ಸಹೋದ್ಯೋಗಿಗಳು ನಿದ್ದೆಯಲ್ಲಿ ಮತ್ತೆಮತ್ತೆ ಉಸಿರು ಕಟ್ಟುವ ತೊಂದರೆಯನ್ನು ವಿವರಿಸಿ ‘ಸ್ಲೀಪ್ ಆಪ್ನಿಯಾ’ ಲಕ್ಷಣಕೂಟವೆಂದು ಗುರುತಿಸಿದರು. ಎಚ್ಚರವಿದ್ದಾಗ ಗದ್ದದ ಮೂಳೆಯ ಒಳಬದಿಗೆ ಅಂಟಿಕೊಂಡ ಸ್ನಾಯು ನಾಲಿಗೆಯನ್ನು ಮುಂದಕ್ಕೆ ಹಿಡಿದಿರುತ್ತದೆ. ನಿದ್ದೆ ಹತ್ತಿದಾಗ ಅದು ಸಡಿಲಾಗುತ್ತದೆ. ಕೆಲವರಲ್ಲಿ ನಾಲಿಗೆ ಹಿಂದಕ್ಕೆ ಸರಿದು ಗಾಳಿಯ ದಾರಿಯನ್ನೇ ಮುಚ್ಚುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮೂಗಿನ ಮೂಲಕ ಗಾಳಿ ಒತ್ತಿ ಆ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಜಗತ್ತಿಗೆ ತೋರಿಸಿದರು. ಗುಣ ಚೆನ್ನಾಗಿಯೇ ಇತ್ತು. ಆದರೆ ರಾತ್ರಿಯಿಡೀ ಮುಖವಾಡ ಕಟ್ಟಿಕೊಂಡು ಮಲಗಲು ಎಲ್ಲರಿಗೂ ಆಗುತ್ತದೆಯೇ?

ಸ್ವಿಟ್ಜರ್ಲೆಂಡಿನಲ್ಲಿ ಡಿಜರಿಡೂ ಕಲಿಸುವ ಒಬ್ಬ ಮೇಷ್ಟ್ರಿಗೆ ಈ ಕಾಯಿಲೆ ಇತ್ತು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಆ ಉದ್ದನೆಯ ಊದುವಾದ್ಯವನ್ನು ಕೆಲವು ತಿಂಗಳು ಅಭ್ಯಾಸ ಮಾಡಿದ ಮೇಲೆ ಅವರಿಗೂ ಅವರ ಕೆಲವು ಶಿಷ್ಯರಿಗೂ ಗೊರಕೆ ತಗ್ಗಿತು. ಜ್ಯೂರಿಕ್‌ನ ಸಂಶೋಧಕರು 25 ರೋಗಿಗಳನ್ನು ಆರಿಸಿ, 14 ಮಂದಿಗೆ ಪ್ಲಾಸ್ಟಿಕ್ಕಿನ ಡಿಜರಿಡೂ ಕೊಟ್ಟು ನಾಲ್ಕು ತಿಂಗಳು ಊದಿಸಿದರು. ಹಗಲಿನ ತೂಕಡಿಕೆ ಕಡಿಮೆಯಾಯಿತು, ಪಕ್ಕದಲ್ಲಿ ಮಲಗುವವರಿಗೂ ನೆಮ್ಮದಿ ಸಿಕ್ಕಿತು. 2017ರಲ್ಲಿ ಈ ಅಧ್ಯಯನಕ್ಕೆ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಂತು, ಅದೂ ಶಾಂತಿ ವಿಭಾಗದಲ್ಲಿ!

ನಿಜವಾದ ತಿರುವು ಬಂದದ್ದು ಬ್ರೆಜಿಲ್‌ನಿಂದ. ಸಾವೊ ಪಾಲೊದಲ್ಲಿ ವಾಕ್ ಚಿಕಿತ್ಸಕಿ ಕಾಟಿಯಾ ಗಿಮರೈಸ್ ಮತ್ತು ಸಂಗಡಿಗರು ಮಧ್ಯಮ ಪ್ರಮಾಣದ ಆಪ್ನಿಯಾ ಇದ್ದ 31 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂಗಿನಿಂದ ದೀರ್ಘ ಉಸಿರಾಟ, ಮೂಗು ತೊಳೆಯುವುದು. ಇನ್ನೊಂದಕ್ಕೆ ಗರಡಿಯ ಪಾಠ: ನಾಲಿಗೆಯ ತುದಿಯನ್ನು ಅಂಗುಳದ ಮುಂಭಾಗಕ್ಕೆ ಒತ್ತಿ ಹಿಂದಕ್ಕೆ ಜಾರಿಸುವುದು, ಇಡೀ ನಾಲಿಗೆಯನ್ನು ಮೇಲಕ್ಕೆ ಹೀರಿ ಅಂಗುಳಕ್ಕೆ ಅಂಟಿಸುವುದು, ಕಿರುನಾಲಿಗೆ ಮೇಲೇಳುವಂತೆ ಬಿಟ್ಟುಬಿಟ್ಟು ‘ಆ’ ಎನ್ನುವುದು, ಬಾಯೊಳಗೆ ಬೆರಳಿಟ್ಟು ಕೆನ್ನೆಯನ್ನು ಹೊರಕ್ಕೆ ತಳ್ಳಿದಾಗ ಕೆನ್ನೆಯ ಸ್ನಾಯು ಅದನ್ನು ಒಳಕ್ಕೆ ಒತ್ತುವುದು, ಬಲೂನು ಊದುವುದು. ಊಟದಲ್ಲಿ ಎರಡೂ ಬದಿ ಬದಲಿಸಿ ಅಗಿಯಬೇಕು. ದಿನಾ ಸುಮಾರು ಅರ್ಧ ಗಂಟೆ, ಮೂರು ತಿಂಗಳು.

ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಗಂಟೆಗೆ ಸರಾಸರಿ 22.4 ಬಾರಿ ಆಗುತ್ತಿದ್ದ ಉಸಿರಿನ ಅಡಚಣೆ ವ್ಯಾಯಾಮದ ಗುಂಪಿನಲ್ಲಿ 13.7ಕ್ಕೆ ಇಳಿದಿತ್ತು. ಇದು ತೂಕ ಇಳಿದದ್ದರ ಫಲವೂ ಅಲ್ಲ. ತೂಕ ಇದ್ದಷ್ಟೇ ಇತ್ತು, ಕುತ್ತಿಗೆಯ ಸುತ್ತಳತೆ ಮಾತ್ರ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿತ್ತು.

ಅಡಚಣೆ ಇಳಿದರೂ ಪೂರ್ತಿ ಹೋಗಲಿಲ್ಲ ಎಂಬುದನ್ನು ಇಲ್ಲಿ ಅಡಿಗೆರೆ ಹಾಕಿ ಓದಬೇಕು. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರನ್ ಸಂಸ್ಥೆಯ 2020ರ ಪರಿಶೀಲನೆ ಇಂಥ ಒಂಬತ್ತು ಅಧ್ಯಯನಗಳನ್ನು ಜಾಲಿಸಿತು. ಎಲ್ಲ ಸೇರಿ ಅವುಗಳಲ್ಲಿದ್ದವರು 347 ಜನ. ಹಗಲಿನ ತೂಕಡಿಕೆ ತಗ್ಗುವುದು ಬಹುಮಟ್ಟಿಗೆ ನಿಜ, ಉಸಿರಿನ ಅಡಚಣೆ ತಗ್ಗಿಸುವುದರಲ್ಲಿ ಸಿಪ್ಯಾಪ್ ಯಂತ್ರವೇ ಮೇಲು ಎಂಬ ಹದವಾದ ಮಾತು ಅದರದು. ತೀವ್ರ ಆಪ್ನಿಯಾ ಇರುವವರು ಬಲೂನು ನಂಬಿ ಯಂತ್ರವನ್ನು ಅಟ್ಟಕ್ಕೆ ಹಾಕುವಂತಿಲ್ಲ. ಮೂಗಿನ ಒಳಗೇ ತಡೆಯಿದ್ದರೆ ಮೊದಲು ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಬೇಕು.

ಗೊರಕೆಯಷ್ಟೇ ಇದ್ದವರಿಗೂ ಸೌಮ್ಯ ಇಲ್ಲವೇ ಮಧ್ಯಮ ಆಪ್ನಿಯಾ ಇದ್ದವರಿಗೂ ಎಂದು ಸಾವೊ ಪಾಲೊದವರು ಆಮೇಲೆ ಪಾಠವನ್ನು ಮೊಟಕುಗೊಳಿಸಿದರು: ಒಂದು ಸಲಕ್ಕೆ ಎಂಟು ನಿಮಿಷ, ದಿನಕ್ಕೆ ಮೂರು ಸಲ. ಗೊರಕೆಯನ್ನು ಮೈಕ್ ಇಟ್ಟು ಅಳೆದ ಈ ಅಧ್ಯಯನ 2015ರಲ್ಲಿ ಹೊರಬಂತು. ಗೊರಕೆಯ ಸಂಖ್ಯೆ 36%, ಸದ್ದಿನ ಒಟ್ಟು ಬಲ 59% ತಗ್ಗಿತ್ತು.